ಟೊಲ್ಯೂಯಿನ್‌ನಲ್ಲಿ ಚಿನ್ನದ ಕಲಿಲ: ಮೂರು ಬ್ಯಾಚು, ಹದಿನಾರು ದಿನ

ಮೂರನೇ ಬ್ಯಾಚಿನ ಚಿನ್ನದ ನ್ಯಾನೋಕಣಗಳ ಕಪ್ಪು ಪುಡಿ ಈಗ ಸೀಸೆಯಲ್ಲಿದೆ. ನೀರಿನೊಡನೆ ಬೆರೆಯದ ಸಾವಯವ ದ್ರಾವಕ ಟೊಲ್ಯೂಯಿನ್ ಒಂದಿಷ್ಟು ಬಿಟ್ಟು ಅಲುಗಿಸಿದರೆ ಸಾಕು, ತಳದಲ್ಲಿ ಚೂರೂ ಉಳಿಯದೆ ಕಡು ಕಂದು ದ್ರಾವಣವಾಗುತ್ತದೆ. ಒಣಗಿಸಿದರೆ ಪುಡಿ, ಟೊಲ್ಯೂಯಿನ್ ಹಾಕಿದರೆ ಮತ್ತೆ ದ್ರಾವಣ. ಕಣಗಳು ಹೀಗೆ ತಳಕ್ಕೆ ಕೂರದೆ ತೇಲುವ ದ್ರವವೇ ಕಲಿಲ. ಇಲ್ಲಿಗೆ ಬರಲು ಹದಿನಾರು ದಿನ ಹಿಡಿಯಿತು. ಅದರಲ್ಲಿ ಚಿನ್ನದ ಲವಣ ಕಣವಾಗಿ ಬದಲಾದದ್ದು ಬ್ಯಾಚಿಗೆ ಕೆಲವೇ ನಿಮಿಷ. ಉಳಿದದ್ದೆಲ್ಲ ತೊಳೆಯುವುದು, ಕಾಯುವುದು, ಅಳೆಯುವುದು, ಆ ಅಳತೆಯನ್ನು ನಂಬಬಹುದೇ ಎಂದು ಮತ್ತೆ ಅಳೆಯುವುದು. ವಿಧಾನ ಹೇಳುವ ಪ್ರಬಂಧಗಳು ತೊಳೆಯುವುದಕ್ಕೆ ಎರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಕೆಲಸ ಕೈಕೊಡುವುದು ಮಾತ್ರ ಆ ಎರಡು ಸಾಲಿನಲ್ಲೇ.

ಮೊದಲಿಗೆ ಬಣ್ಣದ ವಿಷಯ. ಸರಿಯಾಗಿ ಬಂದ ಬ್ಯಾಚನ್ನು ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಚಿನ್ನದ ನ್ಯಾನೋಕಣ ಎಂದೊಡನೆ ಕಣ್ಣಿಗೆ ಬರುವ ಮಾಣಿಕ್ಯದ ಕೆಂಪು, ನೀರಿನಲ್ಲಿ ಸಿಟ್ರೇಟ್ ಹಾಕಿ ಕುದಿಸಿದಾಗ ಸಿಗುವ 15 ನ್ಯಾನೋಮೀಟರ್ ಆಸುಪಾಸಿನ ಕಣಗಳದ್ದು. ಇಲ್ಲಿ ಸಿಗುವುದು 2 ನ್ಯಾನೋಮೀಟರಿನವು. ಅಷ್ಟು ಚಿಕ್ಕದಾದಾಗ 520 ನ್ಯಾನೋಮೀಟರ್ ತರಂಗಾಂತರದ ಬಳಿ ಬೆಳಕನ್ನು ಹೆಚ್ಚು ಹೀರುವ ಪ್ಲಾಸ್ಮಾನ್ ಶಿಖರ ಮಂಕಾಗಿ ಬರೀ ಒಂದು ಹೆಗಲಿನಂತೆ ಉಳಿಯುತ್ತದೆ, ದ್ರಾವಣ ಕಂದಾಗಿ ಕಾಣುತ್ತದೆ. ಕೆಂಪು ಕಂಡರೆ ಕಣಗಳು ಬೆಳೆದಿವೆ. ನೇರಳೆಯೋ ನೀಲಿಯೋ ಕಂಡರೆ ಒಂದಕ್ಕೊಂದು ಅಂಟಿಕೊಂಡಿವೆ.

ನೀರಿನ ಕಲಿಲವನ್ನೇ ಟೊಲ್ಯೂಯಿನ್‌ಗೆ ಸಾಗಿಸಬಾರದೇ ಎಂದು ಕೇಳುವವರಿಗೆ: ನೀರಿನಲ್ಲಿ ಕಣಗಳನ್ನು ದೂರ ಇಡುವುದು ಮೇಲ್ಮೈಯ ವಿದ್ಯುದಂಶ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಹತ್ತಿರ, ಟೊಲ್ಯೂಯಿನ್‌ದು ಸುಮಾರು 2.4. ಅಯಾನುಗಳು ಬಿಡಿಯಾಗಿ ನಿಲ್ಲಲಾಗದ ಇಂಥ ಜಾಗದಲ್ಲಿ ವಿದ್ಯುದಂಶದ ವಿಕರ್ಷಣೆಯನ್ನು ನಂಬುವಂತಿಲ್ಲ. ಕಣದ ಮೈಗೆಲ್ಲ ಉದ್ದ ಹೈಡ್ರೋಕಾರ್ಬನ್ ಸರಪಳಿಗಳ ರೋಮ ಹೊದಿಸಬೇಕು. ಎರಡು ಕಣ ಹತ್ತಿರ ಬಂದರೆ ರೋಮಕ್ಕೆ ರೋಮ ತಾಗಿ ಹಿಂದೆ ಸರಿಯಬೇಕು. ಆ ರೋಮ ಗಟ್ಟಿಯಾಗಿ ನಾಟಿರುವುದೂ, ಅದರ ನಡುವೆ ಕಸ ಇಲ್ಲದಿರುವುದೂ ಸ್ಥಿರತೆಯ ಗುಟ್ಟು. ಹಾಗಾಗಿ ಬ್ರುಸ್ಟ್ ಮತ್ತು ಶಿಫ್ರಿನ್ ತಂಡ 1994ರಲ್ಲಿ ಪ್ರಕಟಿಸಿದ ಎರಡು ಪದರಗಳ ವಿಧಾನವನ್ನೇ ಹಿಡಿದೆವು: ಲವಣ ನೀರಿನಿಂದ ಟೊಲ್ಯೂಯಿನ್‌ಗೆ ದಾಟುತ್ತದೆ, ಅಲ್ಲೇ ಥಯೋಲ್ (ತುದಿಯ ಗಂಧಕದಿಂದ ಚಿನ್ನಕ್ಕೆ ಕಚ್ಚಿಕೊಳ್ಳುವ ಸರಪಳಿ) ಎದುರಲ್ಲಿ ಅಪಕರ್ಷಣಗೊಳ್ಳುತ್ತದೆ, ಅಂದರೆ ಎಲೆಕ್ಟ್ರಾನು ಪಡೆದು ಲೋಹವಾಗುತ್ತದೆ. ಅಂದಹಾಗೆ ಎರಡು ಪದರಗಳ ಉಪಾಯ ಹಳೆಯದು. 1857ರಲ್ಲೇ ಫ್ಯಾರಡೆ ನೀರಿನಲ್ಲಿದ್ದ ಚಿನ್ನದ ಲವಣವನ್ನು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ರಂಜಕದಿಂದ ಅಪಕರ್ಷಿಸಿದ್ದ.

ಮೂಲ ವಿಧಾನದ ಅಳತೆ ಹೀಗಿದೆ: 30 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ 30 ಮಿ.ಲೀ., ಟೊಲ್ಯೂಯಿನ್‌ನಲ್ಲಿ 50 ಮಿಲಿಮೋಲಾರ್ ಟೆಟ್ರಾಆಕ್ಟೈಲ್ ಅಮೋನಿಯಂ ಬ್ರೋಮೈಡ್ 80 ಮಿ.ಲೀ., ಡೋಡೆಕೇನ್‌ಥಯೋಲ್ 170 ಮಿ.ಗ್ರಾಂ, 0.4 ಮೋಲಾರ್ ಸೋಡಿಯಂ ಬೋರೋಹೈಡ್ರೈಡ್ 25 ಮಿ.ಲೀ. ಬ್ರೋಮೈಡ್ ಲವಣ ಚಿನ್ನವನ್ನು ನೀರಿನಿಂದ ದಾಟಿಸುತ್ತದೆ, ಬೋರೋಹೈಡ್ರೈಡ್ ಅದನ್ನು ಅಪಕರ್ಷಿಸುತ್ತದೆ. ಖರ್ಚಿನ ಬಹುಪಾಲು ಚಿನ್ನದ ಲವಣದ್ದು. ಕಲಿಯುವ ಹಂತದಲ್ಲಿ ಮೂರನೇ ಒಂದು ಭಾಗ ಸಾಕು. ನಮ್ಮದು ಟ್ರೈಹೈಡ್ರೇಟ್ ಲವಣ 118 ಮಿ.ಗ್ರಾಂ 10 ಮಿ.ಲೀ. ನೀರಿನಲ್ಲಿ, ಟೆಟ್ರಾಆಕ್ಟೈಲ್ ಅಮೋನಿಯಂ ಬ್ರೋಮೈಡ್, ಅಂದರೆ ಟಿಒಎಬಿ, 0.73 ಗ್ರಾಂ 27 ಮಿ.ಲೀ. ಟೊಲ್ಯೂಯಿನ್‌ನಲ್ಲಿ, ಥಯೋಲ್ 57 ಮಿ.ಗ್ರಾಂ, ಪಿಪೆಟ್ಟಿನಲ್ಲಾದರೆ 67 ಮೈಕ್ರೋಲೀಟರ್. ಬೋರೋಹೈಡ್ರೈಡ್ 126 ಮಿ.ಗ್ರಾಂ 8.3 ಮಿ.ಲೀ. ಮಂಜುನೀರಿನಲ್ಲಿ. ಇದರಲ್ಲಿರುವ ಚಿನ್ನ 59 ಮಿ.ಗ್ರಾಂ.

ಮೊದಲ ದಿನ ಪೂರ್ತಿ ಗಾಜು ತೊಳೆಯುವುದಕ್ಕೇ ಹೋಯಿತು. ಫ್ಲಾಸ್ಕ್, ಸೆಪರೇಟಿಂಗ್ ಫನಲ್, ತಿರುಗುವ ಕಡ್ಡಿ ಎಲ್ಲವೂ ಆಕ್ವಾ ರೀಜಿಯಾಕ್ಕೆ: 3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್ ಆಮ್ಲ, ಬೇಕಾದಾಗ ಮಾತ್ರ ಬೆರೆಸಿದ್ದು, ಫ್ಯೂಮ್ ಹುಡ್ ಒಳಗೆ. ಇದನ್ನು ಮುಚ್ಚಿದ ಸೀಸೆಯಲ್ಲಿ ಇಡಬಾರದು, ಅನಿಲ ಬಿಡುತ್ತಲೇ ಇರುತ್ತದೆ. ಟೊಲ್ಯೂಯಿನ್, ಎಥನಾಲ್, ಅಸಿಟೋನ್ ಇದ್ದ ಗಾಜನ್ನು ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸದೆ ಇದರಲ್ಲಿ ಇಳಿಸಲೇಬಾರದು. ಆಮೇಲೆ ಶುದ್ಧ ನೀರಿನಲ್ಲಿ ಹತ್ತು ಸಲ ಜಾಲಾಡಿ ಓವನ್‌ನಲ್ಲಿ ಒಣಗಿಸುವುದು. ಹಳೆಯ ಚಿನ್ನ ಒಂದು ಚುಕ್ಕೆ ಉಳಿದರೂ ಹೊಸ ಚಿನ್ನ ಅದರ ಮೇಲೆಯೇ ಕೂರುತ್ತದೆ.

ಇಷ್ಟೆಲ್ಲ ಮಾಡಿಯೂ ಮೊದಲ ಬ್ಯಾಚು ಕೆಟ್ಟಿತು. ಬೋರೋಹೈಡ್ರೈಡ್ ಹಾಕಿ ಐದು ನಿಮಿಷವಾದರೂ ಬಣ್ಣ ಸರಿಯಾಗಿ ಕಡುವಾಗಲಿಲ್ಲ. ಅರ್ಧ ಗಂಟೆಗೆ ಎರಡು ಪದರಗಳ ನಡುವೆ ನೇರಳೆ ಕೆನೆ, ಫ್ಲಾಸ್ಕಿನ ಗೋಡೆಗೆ ಹಿತ್ತಾಳೆಯಂತೆ ಹೊಳೆಯುವ ತೆಳು ಲೇಪ. ಕಾರಣ ಎರಡು. ಬೋರೋಹೈಡ್ರೈಡ್ ಡಬ್ಬಿ ಹಲವು ಸಲ ತೆರೆದದ್ದು, ಪುಡಿ ಗಂಟುಗಟ್ಟಿತ್ತು. ಅದನ್ನು ಕರಗಿಸಿದ ಮೇಲೂ ಇಪ್ಪತ್ತು ನಿಮಿಷ ಮೇಜಿನ ಮೇಲೆ ಬಿಟ್ಟಿದ್ದೆವು. ನೀರಿನಲ್ಲಿ ಅದು ಜಲಜನಕ ಬಿಡುತ್ತ ಸಾಯುತ್ತಿರುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಎರಡನೆಯ ಕಾರಣ ತಿರುಗುವ ಕಡ್ಡಿ. ಅದರ ಟೆಫ್ಲಾನ್ ಮೇಲೆ ಗೀರುಗಳಿದ್ದವು. ಗೀರಿನೊಳಗಿನ ಕಪ್ಪು ಆಕ್ವಾ ರೀಜಿಯಾಕ್ಕೂ ಪೂರ್ತಿ ಹೋಗಿರಲಿಲ್ಲ. ಕಡ್ಡಿ ಹೊಸದಿರಲಿ. ಬೋರೋಹೈಡ್ರೈಡ್ ಗಂಟಿಲ್ಲದ, ಸಡಿಲವಾದ ಬಿಳಿ ಪುಡಿಯಾಗಿರಲಿ. ಅದನ್ನು ತೂಗಿಟ್ಟು, ನೀರು ಬೇರೆ ಮಂಜಿನಲ್ಲಿಟ್ಟು, ಹಾಕುವ ನಿಮಿಷಕ್ಕೆ ಮುಂಚೆ ಮಾತ್ರ ಬೆರೆಸಿ.

ಚಿನ್ನದ ಲವಣ ತೂಗುವಾಗ ಇನ್ನೊಂದು ಎಡವಟ್ಟಿದೆ. ಸ್ಟೀಲ್ ಚಮಚ ಮುಟ್ಟಿಸಬೇಡಿ, ಲವಣ ಲೋಹವನ್ನು ತಿಂದು ಅಲ್ಲೇ ಚಿನ್ನ ಬಿಡುತ್ತದೆ. ಪ್ಲಾಸ್ಟಿಕ್ ಅಥವಾ ಗಾಜಿನದು ಬಳಸಿ. ಲವಣ ಗಾಳಿಯ ತೇವ ಹೀರಿ ತಕ್ಕಡಿಯ ಮೇಲೆಯೇ ಒದ್ದೆಯಾಗುತ್ತದೆ. 118 ಮಿ.ಗ್ರಾಂ ಹಿಡಿಯಲು ತಡಕಾಡುವುದಕ್ಕಿಂತ ಇಡೀ ಸೀಸೆಯನ್ನು ಒಮ್ಮೆಗೇ ಕರಗಿಸಿ, ಗೊತ್ತಿರುವ ಸಾಂದ್ರತೆಯ ದ್ರಾವಣವಾಗಿ ಕತ್ತಲೆಯಲ್ಲಿಡುವುದು ಲೇಸು.

ಎರಡನೇ ಬ್ಯಾಚಿನ ಕ್ರಿಯೆ ನೋಡಲು ಚೆಂದವಿತ್ತು, ಬಣ್ಣಗಳ ಸರದಿ ಹೇಗಿರಬೇಕೋ ಹಾಗೆಯೇ ಬಂತು. ಹಳದಿ ನೀರಿನ ಮೇಲೆ ಟಿಒಎಬಿ ಕರಗಿದ ಟೊಲ್ಯೂಯಿನ್ ಸುರಿದು ಜೋರಾಗಿ ತಿರುಗಿಸಿದರೆ ಹತ್ತು ನಿಮಿಷದಲ್ಲಿ ಮೇಲಿನ ಪದರ ಕಿತ್ತಳೆಗೆಂಪಾಗಿ ಕೆಳಗಿನ ನೀರು ತಿಳಿಯಾಗುತ್ತದೆ. ಕೆಂಪು ಹೆಚ್ಚುವುದು ಕ್ಲೋರೈಡ್ ಜಾಗಕ್ಕೆ ಬ್ರೋಮೈಡ್ ಬರುವುದರಿಂದ. ನೀರು ಇನ್ನೂ ಹಳದಿಯಾಗಿದ್ದರೆ ಮುಂದೆ ಹೋಗಬೇಡಿ. ತಿರುಗಿಸುವುದು ಸಾಲದು ಅಥವಾ ಟಿಒಎಬಿ ಕಡಿಮೆ ಬಿದ್ದಿದೆ. ಥಯೋಲ್ ಹಾಕಿದಾಗ ಬಣ್ಣ ತೆಳುವಾಗುತ್ತದೆ, ಉತ್ಕರ್ಷಣ ಸ್ಥಿತಿ ಮೂರರಲ್ಲಿದ್ದ ಚಿನ್ನ ಒಂದಕ್ಕೆ ಇಳಿಯುತ್ತಿರುವ ಗುರುತು ಅದು. ಒಂದು ಚಿನ್ನದ ಪರಮಾಣು ಹೀಗೆ ಇಳಿಯಲು ಎರಡು ಥಯೋಲ್ ಅಣು ಬೇಕು. ನಮ್ಮ ಅನುಪಾತ ಒಂದಕ್ಕೂ ಸ್ವಲ್ಪ ಕಡಿಮೆ, ಹಾಗಾಗಿ ಬಣ್ಣ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಎರಡಕ್ಕಿಂತ ಹೆಚ್ಚು ಥಯೋಲ್ ಬಿದ್ದರೆ ಬಿಳಿ ಮಸುಕು ಕಾಣಿಸಿಕೊಳ್ಳಬಹುದು. ಅದು ಚಿನ್ನ–ಥಯೋಲೇಟ್ ಪಾಲಿಮರ್. ಬೋರೋಹೈಡ್ರೈಡ್ ಬಿದ್ದ ಕೆಲವೇ ಕ್ಷಣದಲ್ಲಿ ಎಲ್ಲ ಕಪ್ಪುಗಂದು.

ಫ್ಲಾಸ್ಕ್‌ಗೆ ಬಿರಡೆ ಹಾಕಬೇಡಿ. 126 ಮಿ.ಗ್ರಾಂ ಬೋರೋಹೈಡ್ರೈಡ್ ಪೂರ್ತಿ ಒಡೆದರೆ ಬರುವ ಜಲಜನಕ ಸುಮಾರು 325 ಮಿ.ಲೀ. ನೊರೆಗೂ ಜಾಗ ಬೇಕು, 50 ಮಿ.ಲೀ. ದ್ರವಕ್ಕೆ 250 ಮಿ.ಲೀ. ಫ್ಲಾಸ್ಕ್ ಹೆಚ್ಚಲ್ಲ. ಸುತ್ತ ಕಿಡಿ, ಬಿಸಿ ತಟ್ಟೆ ಇರಬಾರದು. ಮೂಲ ವಿಧಾನ ನಿಧಾನವಾಗಿ ಸೇರಿಸಿ ಎನ್ನುತ್ತದೆ. ಈ ಚಿಕ್ಕ ಅಳತೆಯಲ್ಲಿ ಫ್ಲಾಸ್ಕನ್ನು ಮಂಜಿನಲ್ಲಿಟ್ಟು ಒಂದೇ ನಿಮಿಷದಲ್ಲಿ ಸೇರಿಸಿದೆವು. ಹನಿಹನಿಯಾಗಿ ಹಾಕಿದಷ್ಟೂ ಮೊದಲು ಹುಟ್ಟಿದವು ದೊಡ್ಡದಾಗುತ್ತ, ಆಮೇಲೆ ಹುಟ್ಟಿದವು ಚಿಕ್ಕದಾಗಿಯೇ ಉಳಿದು ಗಾತ್ರ ಹರಡಿಕೊಳ್ಳುತ್ತದೆ. ಗಾತ್ರ ಹಿಡಿತಕ್ಕೆ ಸಿಗುವುದು ಮುಖ್ಯವಾಗಿ ಥಯೋಲ್ ಅನುಪಾತದಿಂದ: ಥಯೋಲ್ ಹೆಚ್ಚು, ತಂಪು ಹೆಚ್ಚು, ಸೇರಿಸುವ ವೇಗ ಹೆಚ್ಚು ಇದ್ದರೆ ಕಣ ಚಿಕ್ಕದು. ಥಯೋಲನ್ನು ಆರನೇ ಒಂದಕ್ಕೆ ಇಳಿಸಿದರೆ 5 ನ್ಯಾನೋಮೀಟರ್ ಹತ್ತಿರ ಹೋಗಬಹುದು, ಆದರೆ ಹರಡಿಕೆ ಹೆಚ್ಚು, ಸ್ಥಿರತೆ ಕಡಿಮೆ.

ಮೂರು ಗಂಟೆ ತಿರುಗಿಸಿ ಪದರ ಬೇರ್ಪಡಿಸುವಾಗ ಎಮಲ್ಷನ್ ಕಟ್ಟಿತು, ಅಂದರೆ ಎರಡೂ ದ್ರವ ಹನಿಹನಿಯಾಗಿ ಬೆರೆತು ನಿಂತವು. ಟಿಒಎಬಿ ಇದ್ದಲ್ಲಿ ಇದು ಮಾಮೂಲು. ಸ್ವಲ್ಪ ಗಟ್ಟಿ ಉಪ್ಪುನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಒಡೆಯುತ್ತದೆ. ಅಲುಗಿಸಿ ಅವಸರ ಮಾಡಿದರೆ ಇನ್ನೂ ಕಟ್ಟುತ್ತದೆ. ಟೊಲ್ಯೂಯಿನ್ ಮೇಲಿನ ಪದರ ಎಂಬುದು ಗೊತ್ತಿದ್ದರೂ, ಎರಡೂ ಪಾತ್ರೆಗಳನ್ನು ಕೊನೆಯವರೆಗೆ ಎಸೆಯಬೇಡಿ.

ತಪ್ಪಾದದ್ದು ಆಮೇಲೆ. ರೋಟರಿ ಎವಾಪೊರೇಟರಿನ ನೀರು 65 ಡಿಗ್ರಿ ಇತ್ತು, ದ್ರಾವಣವನ್ನು ಪೂರ್ತಿ ಒಣಗಿಸಿಬಿಟ್ಟೆವು. ಎಥನಾಲ್ ಹಾಕಿ ತೊಳೆದು ಮತ್ತೆ ಟೊಲ್ಯೂಯಿನ್ ಬಿಟ್ಟಾಗ ಮೂರನೇ ಒಂದು ಭಾಗದಷ್ಟು ಕಪ್ಪು ಚಕ್ಕೆಗಳಾಗಿ ತಳದಲ್ಲೇ ನಿಂತಿತು. ಸೋನಿಕೇಟರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಅಲುಗಲಿಲ್ಲ. ಇನ್ನೂ ತೊಳೆಯದ ಮಿಶ್ರಣದಲ್ಲಿ ಬ್ರೋಮೈಡ್ ರಾಶಿ ಇರುತ್ತದೆ, ಥಯೋಲ್ ಹೊದಿಕೆ ಇನ್ನೂ ಹದಗೊಂಡಿರುವುದಿಲ್ಲ. ಅಂಥದ್ದನ್ನು ಬಿಸಿಯಲ್ಲಿ ಒಣಗಿಸಿ ಒತ್ತಿದರೆ ಚಿನ್ನಕ್ಕೆ ಚಿನ್ನ ಬೆಸೆಯುತ್ತದೆ. ಬೆಸೆದದ್ದು ಬಿಡುವುದಿಲ್ಲ. ನೀರಿನ ಬಿಸಿ 40 ಡಿಗ್ರಿ ದಾಟಬಾರದು, ಮತ್ತು ಟೊಲ್ಯೂಯಿನ್ 3–4 ಮಿ.ಲೀ. ಉಳಿದಾಗ ನಿಲ್ಲಿಸಬೇಕು.

ಮೂರನೆಯದಕ್ಕೆ ಹಾಗೇ ಮಾಡಿದ್ದು. 3.5 ಮಿ.ಲೀ.ಗೆ ಇಳಿಸಿ 140 ಮಿ.ಲೀ. ಎಥನಾಲ್‌ಗೆ ಸುರಿದು, ಮೈನಸ್ 18 ಡಿಗ್ರಿಯಲ್ಲಿ ಇಟ್ಟೆವು. ಮೂಲ ವಿಧಾನ ಹೇಳುವುದು ನಾಲ್ಕು ಗಂಟೆ. ಸುರಿದೊಡನೆ ಏನೂ ಆಗದಂತೆ ಕಂಡರೆ ಗಾಬರಿ ಬೇಡ. ಚಿಕ್ಕ ಕಣಗಳು ನಿಧಾನವಾಗಿ ಕೂರುತ್ತವೆ, ನಾವು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಮೇಲಿನ ದ್ರವ ತೆಳು ಕಂದಾಗಿತ್ತು. ಅದರಲ್ಲಿ ಉಳಿದದ್ದು ಅತಿ ಚಿಕ್ಕ ಕಣಗಳು, ಬಿಟ್ಟುಬಿಡಬಹುದು. ಗಾಜಿನ ಫಿಲ್ಟರ್ ಮೂರು ನಿಮಿಷಕ್ಕೇ ಕಟ್ಟಿಕೊಳ್ಳುವುದರಿಂದ ಸೆಂಟ್ರಿಫ್ಯೂಜ್ ಒಳ್ಳೆಯದು. ಟ್ಯೂಬು ಪಾಲಿಪ್ರೊಪಿಲೀನ್ ಇರಲಿ. ಪಾಲಿಸ್ಟೈರೀನ್ ಟ್ಯೂಬು ಟೊಲ್ಯೂಯಿನ್ ತಾಗಿದೊಡನೆ ಕರಗಿ ಅಂಟಾಗುತ್ತದೆ, ಆ ಪ್ಲಾಸ್ಟಿಕ್ ನಿಮ್ಮ ಕಣಗಳ ಜೊತೆಗೇ ಬರುತ್ತದೆ.

ಮೂಲ ವಿಧಾನದಲ್ಲಿ ಪ್ರಕ್ಷೇಪ, ಅಂದರೆ ಎಥನಾಲ್‌ಗೆ ಸುರಿದು ಕಣ ಕೂರಿಸುವುದು, ಎರಡು ಸಲ. ಎರಡು ಸಾಲದು. ಎರಡು ಸಲದ ನಂತರ ಜಲಜನಕ ಯಾವ ಅಣುವಿನಲ್ಲಿದೆ ಎಂದು ತೋರಿಸುವ ಪಟ, ಪ್ರೋಟಾನ್ ಎನ್‌ಎಂಆರ್, ತೆಗೆದೆವು, ಡ್ಯೂಟೆರೇಟೆಡ್ ಕ್ಲೋರೋಫಾರಂನಲ್ಲಿ. ಪಟದ ಅಳತೆಪಟ್ಟಿಯಲ್ಲಿ 3.3 ಪಿಪಿಎಂ ಹತ್ತಿರ ಟಿಒಎಬಿಯ ಸಾರಜನಕಕ್ಕೆ ಅಂಟಿದ ಸಿಎಚ್2 ನೆಟ್ಟಗೆ ನಿಂತಿತ್ತು. 2.5ರಲ್ಲಿ ಬಿಡಿ ಥಯೋಲ್, 2.7ರ ಹತ್ತಿರ ಎರಡು ಥಯೋಲ್ ಜೋಡಿಯಾದ ಡೈಸಲ್ಫೈಡ್. ಈ ಪಟದಲ್ಲಿ ನೋಡಬೇಕಾದದ್ದು ಮೊನಚು. ಚಿನ್ನಕ್ಕೆ ಕಟ್ಟಿಕೊಂಡ ಸರಪಳಿಯ ಗೆರೆಗಳೆಲ್ಲ ಅಗಲವಾಗಿ ಮಸುಕಾಗುತ್ತವೆ, ಗಂಧಕದ ಪಕ್ಕದ ಸಿಎಚ್2 ಅಂತೂ ಕಾಣುವುದೇ ಇಲ್ಲ. ಮೊನಚಾಗಿ ಕಂಡದ್ದೆಲ್ಲ ಬಿಡಿಯಾಗಿ ತೇಲುವ ಕಸ. ಐದನೇ ಸಲದ ನಂತರವೂ 3.3ರಲ್ಲಿ ಪುಟ್ಟ ಉಬ್ಬು ಉಳಿದಿತ್ತು. ಕೊನೆಗೆ ಪುಡಿಯನ್ನು ದ್ರಾವಕ ಮತ್ತೆ ಮತ್ತೆ ಹಾಯುವ ಸಾಕ್ಸ್‌ಲೆಟ್‌ನಲ್ಲಿಟ್ಟು ಅಸಿಟೋನ್‌ನಿಂದ ಒಂದು ದಿನ ಹಿಂಡಿದ ಮೇಲೆ ಅದು ಹೋಯಿತು. ಅಸಿಟೋನ್‌ಗೆ ಈ ಕಣಗಳು ಕರಗುವುದಿಲ್ಲ, ಟಿಒಎಬಿ ಕರಗುತ್ತದೆ. ಹದಿನಾರು ದಿನದಲ್ಲಿ ನಾಲ್ಕು ದಿನ ತಿಂದದ್ದು ಈ ತೊಳೆತ. ಒಂದು ದಿನವನ್ನೂ ಉಳಿಸಬಹುದಿತ್ತು ಅನ್ನಿಸುವುದಿಲ್ಲ.

ಕೈಗೆ ಬಂದ ಪುಡಿ ಸುಮಾರು 60 ಮಿ.ಗ್ರಾಂ. ಇದೆಲ್ಲ ಚಿನ್ನವಲ್ಲ. 2 ನ್ಯಾನೋಮೀಟರ್ ಕಣದಲ್ಲಿ ಅಂದಾಜು 225 ಚಿನ್ನದ ಪರಮಾಣು, ಮೇಲೆ 75 ಥಯೋಲ್ ಸರಪಳಿ ಎಂದಿಟ್ಟುಕೊಂಡರೆ ತೂಕದ ಕಾಲು ಭಾಗ ಸಾವಯವ. ಬಿಸಿ ಮಾಡುತ್ತ ತೂಕ ಅಳೆಯುವ ಟಿಜಿಎಯಲ್ಲಿ ನಷ್ಟ ಇದರ ಆಸುಪಾಸಿನಲ್ಲಿರಬೇಕು. 40 ಶೇಕಡ ಬಂದರೆ ಖುಷಿಪಡಬೇಡಿ, ತೊಳೆಯುವುದು ಬಾಕಿ ಇದೆ.

ಅಳತೆಗಳಿಗೆ ಬಂದರೆ, ಯಾವ ತರಂಗಾಂತರದ ಬೆಳಕು ಎಷ್ಟು ಹೀರಲ್ಪಡುತ್ತದೆ ಎಂದು ನೋಡುವ ಯುವಿ–ವಿಸಿಬಲ್ ಅರ್ಧ ಗಂಟೆಯ ಕೆಲಸ. ಗಾಜು ಅಥವಾ ಕ್ವಾರ್ಟ್ಜ್ ಕ್ಯುವೆಟ್ ಬಳಸಿ. 285 ನ್ಯಾನೋಮೀಟರಿಗಿಂತ ಕೆಳಗೆ ಟೊಲ್ಯೂಯಿನ್ನೇ ಬೆಳಕನ್ನೆಲ್ಲ ಹೀರುತ್ತದೆ, ಅಲ್ಲಿ ಕಂಡದ್ದಕ್ಕೆ ಅರ್ಥವಿಲ್ಲ. 520ರ ಶಿಖರಕ್ಕಿಂತ ನಾವು ಹೆಚ್ಚು ನಂಬುವುದು 800 ನ್ಯಾನೋಮೀಟರನ್ನು: ಅಲ್ಲಿ ಹೀರಿಕೆ ಸೊನ್ನೆಯ ಹತ್ತಿರ ಇರಬೇಕು. ದಿನ ಕಳೆದಂತೆ ಆ ಬಾಲ ಎತ್ತಿದರೆ ಕಣಗಳು ಗುಂಪುಗೂಡುತ್ತಿವೆ.

ಟಿಇಎಂಗೆ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ, ಸರದಿ ಐದು ದಿನ. ಕಾಯುವಾಗಲೇ ಮಾದರಿ ಹೊರುವ ಗ್ರಿಡ್ ಸಿದ್ಧ ಮಾಡಿಡಿ, ಆದರೆ ನೆಪಕ್ಕೆ ಎರಡೇ ಅಲ್ಲ, ಬೇರೆ ಬೇರೆ ತೆಳುವಿನ ನಾಲ್ಕು. ದ್ರಾವಣ ನೀರಿನಷ್ಟು ತಿಳಿಯಲ್ಲದಿದ್ದರೂ ಅದರ ಹಿಂದಿನ ಅಕ್ಷರ ಸಲೀಸಾಗಿ ಓದುವಂತಿರಬೇಕು. ಕಾರ್ಬನ್ ಲೇಪದ ತಾಮ್ರದ ಗ್ರಿಡ್ ಮೇಲೆ ಒಂದು ಹನಿ, ರಾತ್ರಿಯಿಡೀ ನಿರ್ವಾತದಲ್ಲಿ ಒಣಗಿಕೆ. ಫಾರ್ಮ್‌ವಾರ್ ಎಂಬ ಪ್ಲಾಸ್ಟಿಕ್ ಫಿಲ್ಮಿನ ಗ್ರಿಡ್ ಇದ್ದರೆ ಕ್ಲೋರೋಫಾರಂ ಹನಿ ಹಾಕಬೇಡಿ, ಫಿಲ್ಮೇ ಕರಗಿ ಹೋಗುತ್ತದೆ. ಎರಡನೇ ಬ್ಯಾಚಿನ ಗ್ರಿಡ್ ನೋಡುವಾಗ ಕಿರಣ ಬಿದ್ದ ಜಾಗವೆಲ್ಲ ಅರೆಕ್ಷಣದಲ್ಲಿ ಕಪ್ಪಿಟ್ಟಿತು. ಟಿಒಎಬಿ, ಬಿಡಿ ಥಯೋಲ್ ಉಳಿದಿದ್ದರೆ ಹೀಗೇ. ತುಂಬ ಹೊತ್ತು ಒಂದೇ ಜಾಗದಲ್ಲಿ ಕಿರಣ ನಿಲ್ಲಿಸಿದರೆ ಚಿಕ್ಕ ಕಣಗಳು ಕಣ್ಣೆದುರೇ ಕೂಡಿಕೊಳ್ಳುತ್ತವೆ, ಹಾಗಾಗಿ ಒಂದು ಕಡೆ ಫೋಕಸ್ ಮಾಡಿ ಪಕ್ಕಕ್ಕೆ ಸರಿದು ಚಿತ್ರ ತೆಗೆಯಿರಿ. ಗ್ರಿಡ್ಡಿನ ಬೇರೆ ಬೇರೆ ಚೌಕಗಳಿಂದ ಕನಿಷ್ಠ 300 ಕಣ ಅಳೆಯಿರಿ. ಚೆಂದ ಕಂಡ ಒಂದೇ ಮೂಲೆಯಿಂದ 300 ಎಣಿಸುವುದು ಮೋಸ.

ನಮ್ಮನ್ನು ಎರಡು ದಿನ ಸುತ್ತಾಡಿಸಿದ್ದು ಡಿಎಲ್‌ಎಸ್, ಅಂದರೆ ಚದುರಿದ ಬೆಳಕಿನ ಏರಿಳಿತದಿಂದ ಕಣದ ಗಾತ್ರ ಲೆಕ್ಕ ಹಾಕುವ ಅಳತೆ. ಯಂತ್ರ ಕೊಟ್ಟ ಸಂಖ್ಯೆ 2.6 ನ್ಯಾನೋಮೀಟರ್. ಟಿಇಎಂನಲ್ಲಿ ಕಂಡ 2.1ಕ್ಕೆ ಹತ್ತಿರವೇ ಇದೆಯಲ್ಲ ಎಂದು ಒಪ್ಪಿಕೊಂಡಿದ್ದರೆ ತಪ್ಪು ಹಾಗೆಯೇ ಉಳಿಯುತ್ತಿತ್ತು. ಡಿಎಲ್‌ಎಸ್ ಅಳೆಯುವುದು ರೋಮ ಸಮೇತದ ಗಾತ್ರವನ್ನು. ಡೋಡೆಕೇನ್‌ಥಯೋಲ್ ಸರಪಳಿ ನೆಟ್ಟಗಿದ್ದರೆ ಸುಮಾರು 1.6 ನ್ಯಾನೋಮೀಟರ್, ಎರಡೂ ಬದಿ ಸೇರಿದರೆ 5ರ ಹತ್ತಿರ ಬರಬೇಕು. ಸಾಫ್ಟ್‌ವೇರಿನಲ್ಲಿ ದ್ರಾವಕ ನೀರು ಎಂದೇ ಉಳಿದಿತ್ತು. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89, ಟೊಲ್ಯೂಯಿನ್‌ದು 0.56 ಮಿಲಿಪಾಸ್ಕಲ್ ಸೆಕೆಂಡ್. ಇದೊಂದರಿಂದಲೇ ಗಾತ್ರ 0.63 ಪಟ್ಟಿಗೆ ಇಳಿಯುತ್ತದೆ. ವಕ್ರೀಭವನ ಸೂಚ್ಯಂಕ 1.33ರ ಬದಲು 1.49 ಇರಬೇಕು, ಅದು ವರ್ಗವಾಗಿ ಲೆಕ್ಕಕ್ಕೆ ಬಂದು ಇನ್ನೊಂದು 0.8 ಪಟ್ಟು ಇಳಿಸುತ್ತದೆ. ಎರಡೂ ಸೇರಿ ಉತ್ತರ ಹೆಚ್ಚೂಕಡಿಮೆ ಅರ್ಧ. ದ್ರಾವಕ ಸರಿಪಡಿಸಿದಾಗ 5.2 ಬಂತು.

ಡಿಎಲ್‌ಎಸ್‌ಗೆ ಧೂಳು ಶತ್ರು. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುವುದರಿಂದ ಒಂದು 50 ನ್ಯಾನೋಮೀಟರ್ ಉಂಡೆ 24 ಕೋಟಿಯಷ್ಟು 2 ನ್ಯಾನೋಮೀಟರ್ ಕಣಗಳ ಸಮ ಬೆಳಕು ಚೆದುರಿಸುತ್ತದೆ. 0.2 ಮೈಕ್ರಾನ್ ಟೆಫ್ಲಾನ್ ಫಿಲ್ಟರಿನಿಂದ ಸೋಸಿ, ದ್ರಾವಕವನ್ನೂ ಬೇರೆಯಾಗಿ ಸೋಸಿ ಖಾಲಿ ಅಳತೆ ತೆಗೆಯಿರಿ. ಫಿಲ್ಟರ್ ಮೇಲೆ ಕಪ್ಪು ನಿಂತರೆ ಆ ಬ್ಯಾಚು ಸ್ಥಿರವಾಗಿಲ್ಲ ಎಂದು ಯಂತ್ರಕ್ಕೆ ಮುಂಚೆಯೇ ಗೊತ್ತಾಗುತ್ತದೆ.

ಬೆಳ್ಳಿಗೆ ಇದೇ ವಿಧಾನ ಎತ್ತಿಕೊಳ್ಳುವವರು ಒಂದು ನಿಮಿಷ ನಿಲ್ಲಿ: ಸಿಲ್ವರ್ ನೈಟ್ರೇಟ್ ಜೊತೆ ಟಿಒಎಬಿ ಬೆರೆತರೆ ಬ್ರೋಮೈಡ್ ಬೆಳ್ಳಿಯನ್ನು ಸಿಲ್ವರ್ ಬ್ರೋಮೈಡ್ ಆಗಿ ಕೆಳಗಿಳಿಸುತ್ತದೆ. ಅದಕ್ಕೆ ಟೊಲ್ಯೂಯಿನ್‌ನಲ್ಲಿ ಓಲೈಲ್‌ಅಮೈನ್ ಜೊತೆ ಕುದಿಸುವ ದಾರಿ ಬೇರೆ ಇದೆ. ತಾಮ್ರವಾದರೆ ಗಾಳಿಯನ್ನೇ ಹೊರಗಿಡಬೇಕು.

ಕಸದ ಸೀಸೆಗಳು ಮೂರು ಬೇಕು. ಬೋರೋಹೈಡ್ರೈಡ್ ನೀರು ಹುಡ್ ಒಳಗೆ ತೆರೆದೇ ಒಂದು ರಾತ್ರಿ ಇರಲಿ, ಅದಕ್ಕೆ ಆಮ್ಲ ಸುರಿದರೆ ಜಲಜನಕ ನುಗ್ಗುತ್ತದೆ. ಥಯೋಲ್ ತಾಗಿದ ಪಿಪೆಟ್ ತುದಿ, ಕೈಗವಸುಗಳು ಬ್ಲೀಚಿನಲ್ಲಿ ಮುಳುಗಲಿ. ಇಲ್ಲದಿದ್ದರೆ ಇಡೀ ಮಹಡಿಗೆ ವಾಸನೆ. ಚಿನ್ನ ಇರುವ ಟೊಲ್ಯೂಯಿನ್, ಎಥನಾಲ್ ಬೇರೆ ಸೀಸೆಯಲ್ಲಿ. ಆಕ್ವಾ ರೀಜಿಯಾ ಇದರ ಹತ್ತಿರವೂ ಸುಳಿಯಬಾರದು.

ಪುಡಿಯನ್ನು ಟೊಲ್ಯೂಯಿನ್‌ನಲ್ಲಿ ಕರಗಿಸಿ ಇಡುವಾಗ ಟೆಫ್ಲಾನ್ ಒಳಪದರದ ಮುಚ್ಚಳ ಬಳಸಿ. ರಬ್ಬರ್ ಬಿರಡೆಯಿಂದ ಟೊಲ್ಯೂಯಿನ್ ಹಬೆ ಏನೇನನ್ನೋ ಹಿಂಡಿ ತರುತ್ತದೆ, ಪ್ಯಾರಾಫಿಲ್ಮ್ ಸುತ್ತಿದರೆ ಮೆತ್ತಗಾಗಿ ಸೀಸೆಯೊಳಗೇ ಇಳಿಯುತ್ತದೆ. ಸೀಸೆಯ ಮೇಲೆ ಹೊರಗಿನಿಂದ ದ್ರವದ ಮಟ್ಟಕ್ಕೊಂದು ಗೆರೆ ಎಳೆದಿಡಿ. ಬಣ್ಣ ಕಡುವಾದರೆ ಟೊಲ್ಯೂಯಿನ್ ಆವಿಯಾದದ್ದೋ ಕಣ ಬದಲಾದದ್ದೋ ಆ ಗೆರೆ ನೋಡಿದರೆ ತಿಳಿಯುತ್ತದೆ.